ಸಾವಿನ ಮನೆಯಲ್ಲಿ ಕೇಳಿದ ಇಂಜಿನ್

ಸೊಮೋಯೆ ಬಂದಳೆಂದರೆ ಸಾವಿನ ಮನೆಯಲ್ಲೂ ಹೆಂಗಸರು ಉಟ್ಟ ಕಾಂಗಾ ಬಟ್ಟೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಎಲ್ಲಿ ನಗು ಹೊರಗೆ ಬಂದೀತೋ ಎಂದು. ನೆವಾಲಾ ದಿಬ್ಬದ ಮೇಲಿನ ಊರುಗಳಲ್ಲಿ ಅವಳ ಬಾಯಿಗೆ ಹೆದರದವರು ಇರಲಿಲ್ಲ. ಅವಳು ಬಾರದೆ ಚಿಪೋಕಾ ಕುಲದವರ ಮನೆಯಿಂದ ಹೆಣ ಎದ್ದದ್ದೂ ಇರಲಿಲ್ಲ.

ಅವಳ ಕುಲಕ್ಕೂ ಚಿಪೋಕಾ ಕುಲಕ್ಕೂ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನಂಟು. ಆ ಮನೆಯಲ್ಲಿ ಸಾವಾದರೆ ಈ ಮನೆಯವರು ಹೋಗಿ ಗುಂಡಿ ತೋಡಬೇಕು, ಹೆಣ ತೊಳೆಯಬೇಕು, ತೊಳೆಯುತ್ತಲೇ ಸತ್ತವರನ್ನೂ ಅಳುವವರನ್ನೂ ಬಾಯಿಗೆ ಬಂದಂತೆ ಆಡಿಕೊಳ್ಳಬೇಕು. ಹೆಣಕ್ಕೆ ಅಡ್ಡ ಮಲಗಿ ಕೋಳಿ ಕೊಡಿ, ಬಟ್ಟೆ ಕೊಡಿ ಎಂದು ಪೀಡಿಸಬೇಕು. ಕೊಟ್ಟ ಮೇಲೆ ಏಳಬೇಕು. ಗೇಲಿಗೆ ಒಳಗಾದವನು ಸಿಟ್ಟಾದರೂ, ಗೇಲಿ ಮಾಡಬೇಕಾದವನು ಸುಮ್ಮನಿದ್ದರೂ ದಂಡ ತೆರಬೇಕು. ಈ ಮನೆಯಲ್ಲಿ ಸಾವಾದರೆ ಅವರು ಬಂದು ಇದನ್ನೇ ಮಾಡಬೇಕು. ದುಃಖವನ್ನು ಯಾರೂ ಒಂಟಿಯಾಗಿ ಹೊತ್ತು ಕೂರಬಾರದೆಂದು ಹಿರಿಯರು ಕಂಡುಕೊಂಡ ದಾರಿ ಇದು. ಇದಕ್ಕಿಂತ ಒಳ್ಳೆಯದು ಗೊತ್ತಿದ್ದವರು ಬಂದು ತೋರಿಸಲಿ.

ದಿಬ್ಬದ ಮೇಲೆ ಗೇರು ಇತ್ತು, ಮರಗೆಣಸು ಇತ್ತು, ಬೇಕಾದಷ್ಟು ಗಾಳಿ ಇತ್ತು. ನೀರೊಂದು ಇರಲಿಲ್ಲ. ಒರತೆ ಇದ್ದದ್ದು ದಿಬ್ಬದ ಬುಡದಲ್ಲಿ, ಮಂಡಿ ನಡುಗಿಸುವ ಇಳಿಜಾರಿನ ಕೆಳಗೆ. ಬೆಳಕು ಹರಿಯುವ ಮೊದಲೇ ಹೆಂಗಸರು ಸಾಲಾಗಿ ಇಳಿಯುತ್ತಿದ್ದರು, ಬಿಸಿಲೇರಿದ ಮೇಲೆ ಕೊಡ ಹೊತ್ತು ಹತ್ತುತ್ತಿದ್ದರು. ಮುಖ ತೊಳೆದ ನೀರಿನಲ್ಲಿ ಪಾತ್ರೆ ತೊಳೆದು, ಆ ನೀರನ್ನು ಮೇಕೆಗೆ ಇಡುತ್ತಿದ್ದರು. ಸೊಮೋಯೆಯ ಮಗಳು ಅಸುಮಿನಿ ತುಂಬು ಬಸುರಿಯಾಗಿದ್ದಾಗ ಆ ಇಳಿಜಾರಿನಲ್ಲೇ ಕೊಡದ ಸಮೇತ ಉರುಳಿದಳು. ಕೂಸು ಉಳಿಯಲಿಲ್ಲ, ಅವಳ ಕಾಲೂ ನೆಟ್ಟಗಾಗಲಿಲ್ಲ. ಸಾವಿನ ಮನೆಯವರನ್ನೆಲ್ಲ ನಗಿಸಿದ ಸೊಮೋಯೆ ಮಗಳ ಎದುರು ಕೂತು ಆಡಲು ಒಂದು ಮಾತೂ ಸಿಗದೆ ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು.

ಹೊಳೆಯಾಚೆ ಪೋರ್ಚುಗೀಸರ ವಿರುದ್ಧ ಯುದ್ಧ ನಡೆಯುತ್ತಿದ್ದ ಕಾಲ ಅದು. ರುವುಮಾ ಹೊಳೆಯ ಈಚೆ ನಮ್ಮ ಸರ್ಕಾರ, ಆಚೆ ಅವರ ತುಪಾಕಿ. ಆಚೆಯ ಹೋರಾಟಗಾರರಿಗೆ ಅಕ್ಕಿ, ಕಂಬಳಿ, ಔಷಧಿ ಎಲ್ಲವೂ ಈಚೆಯಿಂದಲೇ ಹೋಗುತ್ತಿತ್ತು. ಆಚೆಯಿಂದ ಆಸರೆ ಬಯಸಿ ಓಡಿ ಬಂದವರಿಗೆ ಹೊಳೆಯ ಈಚೆ ದಂಡೆಯಲ್ಲೇ ಸರ್ಕಾರ ಗುಡಿಸಲು ಹಾಕಿಕೊಟ್ಟು ಶಿಬಿರ ಮಾಡಿತ್ತು. ಸೊಮೋಯೆಯ ತಂಗಿ ಮ್ವನಹಾವಾಳನ್ನು ಕೊಟ್ಟದ್ದೂ ಆಚೆ ದಂಡೆಗೇ. ಯುದ್ಧ ಶುರುವಾದ ಮೇಲೆ ಅವಳ ಸುದ್ದಿಯೇ ಇರಲಿಲ್ಲ.

ಅಂಥದರಲ್ಲಿ ಸರ್ಕಾರ ಊರಿಗೆ ನೀರಿನ ಮಾತು ಕೊಟ್ಟಿತು. ಒರತೆಯ ಬಳಿ ಡೀಸೆಲ್ ಇಂಜಿನ್, ಅಲ್ಲಿಂದ ಮೇಲಕ್ಕೆ ಕೊಳವೆ, ಊರ ನಡುವೆ ತೊಟ್ಟಿ. ನೀರಿನ ಅಧಿಕಾರಿ ಪಕ್ಕದೂರಿನವನೇ, ಹಸ್ಸಾನಿ ಚಿಪೋಕಾ. ಗಂಡಸರು ಕೊಳವೆಗೆ ಕಾಲುವೆ ತೋಡಿದರು, ಹೆಂಗಸರು ಮರಳು ಹೊತ್ತರು, ಸಿಮೆಂಟಿನ ತೊಟ್ಟಿ ಎದ್ದಿತು. ಇಂಜಿನ್ ಜಿಲ್ಲಾ ಕಚೇರಿಯ ಶೆಡ್ಡಿಗೆ ಬಂದಿದೆ ಎಂಬ ಸುದ್ದಿಯೂ ಬಂತು. ಆ ದಿನಗಳಲ್ಲೇ ಅಸುಮಿನಿ ಮತ್ತೆ ಬಸುರಾದಳು. ಸೊಮೋಯೆ ದಿನಾ ಖಾಲಿ ತೊಟ್ಟಿಯನ್ನು ಒಂದು ಸುತ್ತು ಹಾಕಿ ಗೋಡೆಗೆ ಕೈ ಬಡಿದು ಬರುತ್ತಿದ್ದಳು.

ಬಂದದ್ದು ಇಂಜಿನ್ ಅಲ್ಲ, ಸಭೆ. ಆಳುವ ಪಕ್ಷದ ಊರ ಅಧ್ಯಕ್ಷ ಲಿಪುಂಗು ಗೇರುಮರದ ಕೆಳಗೆ ನಿಂತು, ಇಂಜಿನ್ ಹೊಳೆ ದಂಡೆಯ ಶಿಬಿರಕ್ಕೆ ಹೋಗುತ್ತದೆ, ಅಲ್ಲಿ ಬಾವಿಗೆ ಅದು ಬೇಕು, ನಮಗೆ ಮುಂದಿನ ಸಲ ಎಂದ. ಆಚೆಯವರ ಸ್ವಾತಂತ್ರ್ಯದ ಮಾತು ಬಂದಾಗ ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ಸೊಮೋಯೆ ಎದ್ದಳು. "ಅಲ್ಲಯ್ಯಾ, ತೊಟ್ಟಿ ಕಟ್ಟಿಸಿದ್ದು ಮೇಕೆ ಕಟ್ಟೋಕಾ? ಮರಳು ಹೊತ್ತೋರು ನಾವು, ಇಂಜಿನ್ ಅವರಿಗಾ?"

"ಅವರೂ ನಮ್ಮ ಜನಾನೇ ತಾಯಿ. ಅದೇ ಮಾತು, ಅದೇ ಕುಲ. ಹೊಳೆ ಮಧ್ಯೆ ಗೆರೆ ಎಳೆದೋರು ಬಿಳಿಯರು. ಅವರಿಗೆ ಬಿಡುಗಡೆ ಆಗ್ದೆ ನಮಗೆಲ್ಲಿ ನಿದ್ದೆ?"

"ನಿದ್ದೆ ಮಾತಾಡ್ತೀಯಾ? ನಿನ್ನ ಹೆಂಡ್ತಿ ಕೋಳಿ ಕೂಗೋ ಮುಂಚೆ ಎದ್ದು ಕೊಡ ತಗೊಂಡು ಹೋಗ್ತಾಳಲ್ಲ, ಆಗ ನೀನು ಗೊರಕೆ ಹೊಡೀತಿರ್ತೀಯ. ಅವಳನ್ನ ಕೇಳು ನಿದ್ದೆ ಅಂದ್ರೆ ಏನು ಅಂತ."

ಹೆಂಗಸರು ಗೊಳ್ಳೆಂದರು. ಲಿಪುಂಗು ಮುಖ ಒರೆಸಿಕೊಂಡು, "ನಿನ್ನ ತಂಗೀನೂ ಆಚೆ ಇದಾಳೆ. ನಾಳೆ ಆ ಶಿಬಿರಕ್ಕೇ ಬಂದ್ರೆ?" ಎಂದ.

"ನನ್ನ ತಂಗಿ ಬಂದ್ರೆ ನನ್ನ ಮನೆಗೆ ಬರ್ತಾಳೆ. ಅಕ್ಕ ಇರೋವಾಗ ಶಿಬಿರ ಯಾಕೆ ಅವಳಿಗೆ? ಮೊದಲು ಸ್ವಂತ ಮನೆ ಮಕ್ಕಳು ಬದುಕ್ಲಿ. ಆಮೇಲೆ ಆಚೆಯವರಿಗೆ ಕೊಡೋಣ, ಬೇಡ ಅಂದೋರ್ಯಾರು?"

ಮಾತು ಇಬ್ಬರದ್ದೂ ಸರಿಯಾಗಿತ್ತು. ಕೂಗಾಡಿದ್ದಕ್ಕೆ ಅದೇ ಕಾರಣ. ಸಭೆ ಮುಗಿಯಿತು, ತೀರ್ಮಾನ ಬದಲಾಗಲಿಲ್ಲ. ಮರುದಿನ ಅಸುಮಿನಿ ಹೊಟ್ಟೆ ಹೊತ್ತು, ಕೊಡ ಹೊತ್ತು, ಕುಂಟುತ್ತಾ ಇಳಿಜಾರಿಗೆ ಹೊರಟಳು. ಸೊಮೋಯೆ ಕೊಡ ಕಿತ್ತುಕೊಂಡು ತಾನೇ ಹೋದಳು. ಎಷ್ಟು ದಿನ ಹೋದಾಳು? ಅವಳ ಕತ್ತೂ ಮೊದಲಿನಂತಿರಲಿಲ್ಲ.

ಹೀಗಿರುವಾಗ ಹಸ್ಸಾನಿಯ ತಾಯಿ ತೀರಿಕೊಂಡಳು. ಹೆಣ ತೊಳೆಯುವ ಹಕ್ಕು ಸೊಮೋಯೆಯದು. ಅಂಗಳಕ್ಕೆ ಕಾಲಿಡುತ್ತಲೇ ಶುರು ಮಾಡಿದಳು. "ಈ ಮುದುಕಿ ಸತ್ತಿಲ್ಲ ಕಣ್ರೇ, ಮಗನ ಹತ್ರ ಹೊಸ ಕಾಂಗಾ ಕೀಳೋಕೆ ಕಣ್ಣು ಮುಚ್ಚಿ ಮಲಗವಳೆ! ತುಟಿ ಚುಚ್ಚಿ ತೊಟ್ಟಿರೋ ಮರದ ಬಿಲ್ಲೆ ನೋಡಿ, ಇಷ್ಟು ಅಗಲ. ಸ್ವರ್ಗದ ಬಾಗಿಲಲ್ಲಿ ತಟ್ಟೆ ಕೇಳೋ ಹಂಗೇ ಇಲ್ಲ, ಅದರ ಮೇಲೇ ಮುದ್ದೆ ಬಡಿಸ್ಕೋಬಹುದು!" ಅಳುತ್ತಿದ್ದ ಸೊಸೆಯಂದಿರೂ ನಕ್ಕರು. ಹಸ್ಸಾನಿಯೂ ಕಣ್ಣೀರಿನಲ್ಲೇ ನಕ್ಕ. ಹೆಂಗಸರು ದಿಬ್ಬದ ಕೆಳಗಿಂದ ಹೊತ್ತು ತಂದ ನೀರಿನಲ್ಲಿ ಸೊಮೋಯೆ ಮುದುಕಿಯನ್ನು ತೊಳೆದಳು, ಸ್ವಂತ ತಾಯಿಯನ್ನು ತೊಳೆದಷ್ಟೇ ನಿಧಾನವಾಗಿ.

ಬಿಳಿ ಬಟ್ಟೆ ಸುತ್ತಿ ಹೆಣವನ್ನು ಹಗ್ಗದ ಮಂಚದ ಮೇಲಿಟ್ಟು ಹೊರಡುವ ಹೊತ್ತಿಗೆ ಅವಳು ಹೊಸಿಲಿಗೆ ಅಡ್ಡ ಮಲಗಿದಳು.

"ಏನು ಬೇಕಕ್ಕಾ?" ಹಸ್ಸಾನಿ ಪದ್ಧತಿಯಂತೆ ಕೇಳಿದ. ಕೋಳಿಯ ಕಾಲು ಕಟ್ಟಿ ತಯಾರಾಗಿಟ್ಟಿದ್ದ.

"ಇಂಜಿನ್."

ಜನ ನಕ್ಕರು. ಹಸ್ಸಾನಿಯೂ ನಕ್ಕು ಕೋಳಿ ಮುಂದಿಟ್ಟ. ಅವಳು ಕೋಳಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಟ್ಟೆ ತಂದರು, ಅದನ್ನೂ ನೋಡಲಿಲ್ಲ. ನಗು ಒಬ್ಬೊಬ್ಬರ ಬಾಯಿಂದಲೇ ಇಳಿಯಿತು. ಬಿಸಿಲು ನೆತ್ತಿಗೆ ಬಂದು ಹೆಣ ಬಿಸಿಗೆ ಕೆಡುವ ಹೊತ್ತಾದಾಗ ಅವಳದೇ ಕುಲದ ಹಿರಿಯನೊಬ್ಬ ಬಗ್ಗಿ, "ಸೊಮೋಯೆ, ಏಳಮ್ಮಾ. ಗೇಲಿಗೂ ಒಂದು ಅಳತೆ ಇದೆ," ಎಂದ.

"ನನ್ನ ಮಗಳ ಹೊಟ್ಟೇಲಿರೋದೂ ಹೋದ್ರೆ ಅದಕ್ಕೆ ಅಳತೆ ಯಾರು ಹೇಳ್ತಾರೆ? ಲೋ ಹಸ್ಸಾನಿ, ನಿಮ್ಮವ್ವನ್ನ ತೊಳೆದ ನೀರನ್ನ ಯಾರು ಹೊತ್ತು ತಂದ್ರು ಅಂತ ಕೇಳಿದ್ಯಾ? ಇಂಜಿನ್ ಕೊಡು, ಏಳ್ತೀನಿ."

ಹಸ್ಸಾನಿ ಸಿಟ್ಟಾಗುವಂತಿರಲಿಲ್ಲ. ಇಲ್ಲ ಎನ್ನುವಂತೆಯೂ ಇರಲಿಲ್ಲ. ತಾಯಿಯ ಹೆಣ ಮಂಚದ ಮೇಲಿತ್ತು. ಅವನು ಕೋಳಿಯನ್ನು ಪಕ್ಕಕ್ಕೆ ಸರಿಸಿ, "ಆಯ್ತಕ್ಕಾ. ನಿಮ್ಮೂರಿಗೇ ಬರುತ್ತೆ," ಎಂದ. ಅವನ ದನಿ ಕೇಳಿದವರಿಗೆಲ್ಲ ಅಲ್ಲೇನೋ ಮುರಿದದ್ದು ತಿಳಿಯಿತು. ಸೊಮೋಯೆಗೂ ತಿಳಿಯಿತು. ಆದರೂ ಎದ್ದು ಕಾಂಗಾ ಕೊಡವಿಕೊಂಡಳು.

ಹಸ್ಸಾನಿ ಮೇಲಿನವರಿಗೆ ಏನು ಹೇಳಿದನೋ, ಯಾರ ಕಾಲು ಹಿಡಿದನೋ, ಇಂಜಿನ್ ಬಂತು. ತೊಟ್ಟಿಗೆ ನೀರು ಬಿದ್ದ ದಿನ ಮಕ್ಕಳು ನಲ್ಲಿಯ ಕೆಳಗೆ ತಲೆಯಿಟ್ಟು ಕಿರುಚಿದರು, ಮುದುಕಿಯರು ನೀರು ಪೋಲಾಯಿತೆಂದು ಅವರನ್ನು ಬೈದರು. ಅಸುಮಿನಿ ಹೆಣ್ಣು ಹೆತ್ತಳು. ಸೊಮೋಯೆ ಮೊಮ್ಮಗಳನ್ನು ಬೋಗುಣಿ ತುಂಬ ನೀರಲ್ಲಿ ಕೂರಿಸಿ ಮೀಯಿಸುವಾಗ ಎದೆ ತುಂಬಿ ಅಳುತ್ತಿದ್ದಳು. ಅದು ಅಪ್ಪಟ ಸುಖದ ಅಳು. ಆ ಸುಖವನ್ನು ತಪ್ಪು ಎನ್ನಲು ಯಾರಿಗೂ ಬಾಯಿ ಬಾರದು.

ಚಿಪೋಕಾ ಕುಲದವರು ಮಾತ್ರ ಅವಳ ಜೊತೆ ಮೊದಲಿನಂತೆ ಆಡುತ್ತಿರಲಿಲ್ಲ. ಸಂತೆಯಲ್ಲಿ ಎದುರಾದರೆ "ಏನೇ ಹಲ್ಲುಬ್ಬೀ" ಎಂದು ಕೂಗುತ್ತಿದ್ದವರು ಈಗ "ಚೆನ್ನಾಗಿದೀರಾ" ಎಂದು ಮರ್ಯಾದೆಯಿಂದ ಕೇಳಿ ಮುಂದೆ ಹೋಗುತ್ತಿದ್ದರು. ಆ ಮರ್ಯಾದೆ ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಮಳೆಗಾಲ ಬಂತು. ಹೊಳೆ ಕೆಂಪಾಗಿ ಉಕ್ಕಿತು. ಶಿಬಿರದವರು ಆ ನೀರನ್ನೇ ಕುಡಿದರು, ಬೇರೆ ಇರಲಿಲ್ಲ. ಕೊಡ ಇಳಿಯದ ಕೊಳವೆಬಾವಿ ಕೊರೆದು ಇಂಜಿನ್ನಿಗೆ ಕಾದು, ಅದು ಬಾರದೆ ಬಾಯಿಗೆ ಕಲ್ಲು ಮುಚ್ಚಿದ್ದರು. ವಾಂತಿ ಭೇದಿ ಹತ್ತಿತು. ಸಾಯುವವರ ಸುದ್ದಿ ದಿಬ್ಬದ ಮೇಲಕ್ಕೂ ಬಂತು. ಒಂದು ಮಧ್ಯಾಹ್ನ ಆ ಶಿಬಿರದ ಗಂಡಸರು ಮಂಚವೊಂದನ್ನು ಹೊತ್ತು ಇಳಿಜಾರು ಹತ್ತಿ ಬಂದು, ಸೊಮೋಯೆಯ ಮನೆ ಯಾವುದೆಂದು ಕೇಳಿದರು.

ಮಂಚದ ಮೇಲೆ ಮ್ವನಹಾವಾ ಇದ್ದಳು. ದಾರಿಯಲ್ಲೇ ಜೀವ ಹೋಗಿತ್ತು.

"ಎಷ್ಟು ದಿನದಿಂದ ಇದ್ಲು ಅಲ್ಲಿ?" ಸೊಮೋಯೆ ಕೇಳಿದಳು.

"ಹೋದ ಬೇಸಿಗೆಯಿಂದ," ಮಂಚ ಹೊತ್ತವನೊಬ್ಬ ಹೇಳಿದ. "ಇವಳ ಅತ್ತೆಗೆ ಕಾಲಿರಲಿಲ್ಲ, ದಿಬ್ಬ ಹತ್ತೋಕಾಗಲ್ಲ ಅಂತ ಅವಳನ್ನ ಬಿಟ್ಟು ಬರಲಿಲ್ಲ. ಅಕ್ಕ ಮೇಲಿದಾಳೆ, ಹೇಳಿ ಕಳಿಸ್ಬೇಡಿ, ಮಳೆ ನಿಂತ ಮೇಲೆ ನಾನೇ ಹೋಗ್ತೀನಿ ಅಂತಿದ್ಲು. ಮೇಲೆ ಅಕ್ಕನ ಊರಿಗೆ ನಲ್ಲಿ ಬಂದಿದೆ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಸಂತೋಷಪಡೋಳು."

ತಂಗಿ ಸಂತೋಷಪಟ್ಟಳೆಂಬ ಮಾತು ಸೊಮೋಯೆಯನ್ನು ಸೀಳಿಹಾಕಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಪದ್ಧತಿಯಂತೆ ಚಿಪೋಕಾ ಕುಲದವರು ಬಂದರು. ಹೆಂಗಸರು ನಲ್ಲಿಯ ನೀರಿನಲ್ಲಿ ಮ್ವನಹಾವಾಳನ್ನು ತೊಳೆದರು, ಒಂದು ಗೇಲಿಯ ಮಾತೂ ಆಡಲಿಲ್ಲ. ಹಸ್ಸಾನಿ ಗುಂಡಿ ತೋಡಿ ಬಂದು ಗುದ್ದಲಿಯನ್ನು ಗೋಡೆಗೆ ಒರಗಿಸಿ ನಿಂತ.

"ಬಯ್ಯೋ ಹಸ್ಸಾನಿ," ಎಂದಳು ಸೊಮೋಯೆ. "ನಿನ್ನ ಸರದಿ. ನನ್ನ ತಂಗೀನ ಸುಮ್ನೆ ಕಳಿಸ್ಬೇಡ."

"ಬಾಯಿ ಬರ್ತಿಲ್ಲಕ್ಕಾ."

"ದಂಡ ಬೀಳುತ್ತೆ."

"ಹಾಕು, ಕೊಡ್ತೀನಿ. ಗೇಲಿ ಮಾತ್ರ ಕೇಳಬೇಡ. ಅವತ್ತು ನೀನು ಕೇಳಿದ್ದು ಗೇಲಿಯಾಗಿರಲಿಲ್ಲ. ಇವತ್ತು ನಾನು ಏನಂದ್ರೂ ಅದೂ ಗೇಲಿಯಾಗಲ್ಲ."

ಮಂಚಕ್ಕೆ ಹೆಗಲು ಕೊಡಲು ಗಂಡಸರು ಬಗ್ಗಿದರು. ಆಗ ಸೊಮೋಯೆ ಎದ್ದು ಬಂದು, ತನ್ನದೇ ಮನೆಯ ಹೊಸಿಲಿಗೆ, ತನ್ನದೇ ತಂಗಿಯ ಹೆಣಕ್ಕೆ ಅಡ್ಡ ಮಲಗಿದಳು. ಎಲ್ಲ ಸಾವಿನ ಮನೆಗಳೂ ಬಲ್ಲ ಆ ದೊಡ್ಡ ದನಿಯಲ್ಲಿ ಕೂಗಿದಳು: "ಎತ್ತೋಕೆ ಬಿಡಲ್ಲ! ಈ ಮನೆಯವಳು ಎಲ್ಲಿ? ಬಾಯಿಬಡುಕಿ, ಊರಿಗೆಲ್ಲ ನೀರು ತಂದೋಳು, ಅವಳನ್ನ ಕರೀರಿ! ಅವಳು ನನಗೆ ಒಂದು ಇಂಜಿನ್ ಕೊಡ್ಬೇಕು. ಕೋಳಿ ಬೇಡ, ಬಟ್ಟೆ ಬೇಡ. ಹೊಳೆ ದಂಡೆಗೆ ಇಂಜಿನ್ ಕೊಡ್ಲಿ, ಏಳ್ತೀನಿ!"

ಯಾರೂ ನಗಲಿಲ್ಲ. ಹಸ್ಸಾನಿ ಮುಖ ಮುಚ್ಚಿಕೊಂಡ. ಕೊಡಬೇಕಾದವಳೂ ಅವಳೇ, ಕೇಳುವವಳೂ ಅವಳೇ. ಅವಳನ್ನು ಎಬ್ಬಿಸುವ ಬಗೆ ಯಾರಿಗೂ ತಿಳಿಯಲಿಲ್ಲ.

ಅಸುಮಿನಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕುಂಟುತ್ತಾ ನಲ್ಲಿಗೆ ಹೋದಳು. ಸೋರೆ ಬುರುಡೆ ತುಂಬ ನೀರು ತಂದು ತಾಯಿಯ ತಲೆಯ ಪಕ್ಕ ಇಟ್ಟಳು.

"ನಮ್ಮನೇಲಿ ಇರೋದು ಇಷ್ಟೇ ಅವ್ವಾ. ತಗೊಂಡು ಏಳು."

ಸೊಮೋಯೆ ಆ ನೀರನ್ನು ನೋಡಿದಳು. ಮಗಳ ಬೆನ್ನ ಮೇಲಿನ ಕೂಸನ್ನು ನೋಡಿದಳು. ನೀರು ಬೇಡ ಎನ್ನಲು ಅವಳಿಂದಾಗಲಿಲ್ಲ. ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು, ದಾರಿ ಬಿಟ್ಟು ನಿಂತಳು.