ಪುಕ್ಕಲ ಸುಮ್ಮನಿದ್ದ ಭಾನುವಾರ

ಆರ್ಲನ್ ಹೋಫರ್ ದನದ ಔಷಧಿ ಮಾರುತ್ತಿದ್ದ. ಲಸಿಕೆ, ಜಂತಿನ ಔಷಧಿ, ಕರುಗಳ ಕಣ್ಣು ಕೆಂಪಾದರೆ ಹಾಕುವ ಪುಡಿ, ಇವೇ ಅವನ ಸರಕು. ಕಂದು ಬಣ್ಣದ ಉದ್ದನೆಯ ಕಾರು, ಹಿಂದಿನ ಸೀಟು ಮಡಚಿ ಪೆಟ್ಟಿಗೆ ಜೋಡಿಸಿಟ್ಟಿರುತ್ತಿದ್ದ. ನಮ್ಮ ಸೌತ್ ಡಕೋಟಾದ ಪಶ್ಚಿಮದ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಮೂವತ್ತು ಮೈಲಿ ಅಂದರೆ ನೆರೆಮನೆ ಅಂತಲೇ ಲೆಕ್ಕ. ಹಾಗಾಗಿ ಅವನ ವ್ಯಾಪಾರದಲ್ಲಿ ಮಾತು ಅರ್ಧ ಗಂಟೆ, ಓಟ ದಿನವಿಡೀ. ಜನ ಒಳ್ಳೆಯವನು ಅನ್ನುತ್ತಿದ್ದರು. ಕರು ಹಾಕಲಾರದೆ ಒದ್ದಾಡುವ ಹಸು ಕಂಡರೆ ಅಂಗಿ ತೋಳು ಮಡಚಿ ಕೈ ಹಾಕುವ ಪೈಕಿ. ಆದರೆ ಒಂದೇ ಒಂದು ದೌರ್ಬಲ್ಯ: 'ಇಲ್ಲ' ಅನ್ನೋ ಮಾತು ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಮಗಳ ಮುಂದೆಯಂತೂ ದೇವರಾಣೆಗೂ ಹುಟ್ಟುತ್ತಿರಲಿಲ್ಲ.

ಎಂಬತ್ಮೂರನೇ ಇಸವಿ ಅದು. ಪೆಟ್ರೋಲು ಉಳಿಸಬೇಕು ಅಂತ ವಾಷಿಂಗ್ಟನ್ನಿನಲ್ಲಿ ಕೂತ ಮಹಾನುಭಾವರು ಇಡೀ ದೇಶಕ್ಕೆ ಗಂಟೆಗೆ ಐವತ್ತೈದು ಮೈಲಿ ಅಂತ ಗೆರೆ ಎಳೆದು ಆಗಲೇ ಎಷ್ಟೋ ವರ್ಷವಾಗಿತ್ತು. ಅವರಿಗೇನು ಕಷ್ಟ? ಮನೆ ಬಿಟ್ಟರೆ ಆಫೀಸು, ಆಫೀಸು ಬಿಟ್ಟರೆ ಮನೆ. ನಮ್ಮ ಹೆದ್ದಾರಿಗೆ ಬಂದು ಐವತ್ತೈದರಲ್ಲಿ ಹೋಗಿ ನೋಡಲಿ, ಮುಂದಿನ ಗುಡ್ಡ ಅಲ್ಲೇ ನಿಂತಿರುತ್ತದೆ, ಪಕ್ಕದ ಹುಲ್ಲು ಅಲ್ಲೇ ಇರುತ್ತದೆ, ವಯಸ್ಸು ಮಾತ್ರ ಮುಂದೆ ಹೋಗುತ್ತದೆ. ಆದ್ದರಿಂದ ಯಾರೂ ಹೋಗುತ್ತಿರಲಿಲ್ಲ. ಎದುರಿಗೆ ಬರುವವನು ದೀಪ ಮಿಟುಕಿಸಿದರೆ ಮುಂದೆ ಪೊಲೀಸ್ ಇದ್ದಾನೆ ಅಂತ ತಿಳಿದು ಕಾಲು ಎತ್ತುವುದು, ದಾಟಿದ ಮೇಲೆ ಮತ್ತೆ ತುಳಿಯುವುದು. ಎಲ್ಲರೂ ಮಾಡುವುದೇ. ಆರ್ಲನ್ನನಿಗೆ ಮಾತ್ರ ಅದು ಜೀವನದ ಪ್ರಶ್ನೆಯಾಗಿಬಿಟ್ಟಿತ್ತು.

ಯಾಕೆಂದರೆ ಅವನ ಹೆಂಡತಿ ಗ್ವೆನ್ ವಿಚ್ಛೇದನ ತಗೊಂಡು, ಎಂಟು ವರ್ಷದ ಮಗಳು ಮಿಂಡಿಯನ್ನು ಕರಕೊಂಡು ರಾಜ್ಯದ ಪೂರ್ವದ ತುದಿಗೆ, ಸೂ ಫಾಲ್ಸಿಗೆ, ಹೋಗಿಬಿಟ್ಟಳು. ಇವನು ಪಶ್ಚಿಮದ ತುದಿ, ರಾಪಿಡ್ ಸಿಟಿಯಲ್ಲಿ. ಕೋರ್ಟು ಹೇಳಿದ್ದು ಇಷ್ಟು: ವಾರ ಬಿಟ್ಟು ವಾರ, ಶುಕ್ರವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ ಮಗು ಅಪ್ಪನದು. ಹೆದ್ದಾರಿಯ ನಡುಮಧ್ಯದಲ್ಲಿರುವ ಟ್ರಕ್ಕಿನವರ ಹೋಟೆಲಿನಲ್ಲಿ ಕೊಡುವುದು, ತಗೊಳ್ಳುವುದು. ಅಪ್ಪ ತಾನೇ ಕಾರು ಓಡಿಸಿಕೊಂಡು ಬರಬೇಕು, ಬೇರೆಯವರ ಕೈಗೆ ಮಗುವನ್ನು ಕೊಡತಕ್ಕದ್ದಲ್ಲ. ಆರು ಗಂಟೆ ಅಂದರೆ ಯಾರ ಆರು ಗಂಟೆ? ಜಡ್ಜು ಸೂ ಫಾಲ್ಸಿನವರು, ಗಡಿಯಾರವೂ ಅಲ್ಲಿಯದೇ. ಮರ್ಡೋ ಊರು ಬರುವುದಕ್ಕೆ ಮುಂಚೆ ಕಾಲ ಬದಲಾಗುವ ಗೆರೆ ಇದೆಯಲ್ಲ, ಪೂರ್ವಕ್ಕೆ ಹೋಗುವಾಗ ಅಲ್ಲಿ ಒಂದು ಗಂಟೆ ಕೈಜಾರಿ ಹೋಗುತ್ತದೆ. ವಾರ ಬಿಟ್ಟು ವಾರ ಸಿಗುವ ಭಾನುವಾರದಲ್ಲಿ ಒಂದು ಗಂಟೆ ಹೀಗೆ ಮಂಗಮಾಯ!

"ಬೇಗ ಹೊರಡೋಕೇನಯ್ಯಾ ನಿನಗೆ ರೋಗ?" ಅಂತ ಕೇಳಿದ್ದ ಮುದುಕ ಕ್ಲಾರೆನ್ಸ್. ಆರ್ಲನ್ನನ ಹಳೆಯ ಗಿರಾಕಿ, ದನದ ಕೊಟ್ಟಿಗೆಯ ಬೇಲಿಗೆ ಒರಗಿಕೊಂಡು ಊರ ಉಸಾಬರಿಯೆಲ್ಲ ಮಾಡುವವನು.

"ಹೊರಡಬಹುದು. ಆದ್ರೆ ಅವಳು 'ಇನ್ನೊಂದೇ ಒಂದ್ಸಲ ಅಪ್ಪಾ' ಅಂದ್ರೆ ಏನ್ ಮಾಡ್ಲಿ?"

"ಆಗಲ್ಲ ಅನ್ನು."

"ನೀವು ಹೇಳಿ ನೋಡಿ ಅವಳ ಮುಖ ನೋಡ್ಕೊಂಡು."

"ನನ್ನ ಮಕ್ಕಳಿಗೆ ಹೇಳಿದೀನಪ್ಪಾ. ಅದಕ್ಕೇ ಒಬ್ಬನೂ ನನ್ನ ನೋಡೋಕೆ ಬರಲ್ಲ," ಎಂದು ಕ್ಲಾರೆನ್ಸ್ ಉಗುಳಿ ನಕ್ಕ.

ಹೀಗೆ ಪ್ರತಿ ಭಾನುವಾರ ತಡ, ಪ್ರತಿ ಭಾನುವಾರ ಓಟ. ಜೋರಾಗಿ ಓಡಿಸಿದ್ದಕ್ಕೆ ಪೊಲೀಸರ ದಂಡದ ಚೀಟಿ ಒಂದು ಬಿತ್ತು. ಚಳಿಗಾಲದಲ್ಲಿ ಎರಡನೆಯದು. ಏಪ್ರಿಲ್‌ನಲ್ಲಿ ಮೂರನೆಯದು ಬಿದ್ದಾಗ ಮಿಂಡಿ ಕಾರಿನಲ್ಲೇ ಇದ್ದಳು. ಹಿಂದೆ ಕೆಂಪು ದೀಪ ತಿರುಗುವುದು ಕಂಡದ್ದೇ ಮಗು, "ಅಪ್ಪಾ, ನಿನ್ನ ಜೈಲಿಗೆ ಹಾಕ್ತಾರಾ?" ಎಂದು ಅತ್ತಿತು. ಇವನು, "ಅಯ್ಯೋ ಹುಚ್ಚಿ, ಅವರು ನನ್ನ ಸ್ನೇಹಿತ್ರು ಕಣೇ. ಮಾತಾಡ್ಸೋಕೆ ನಿಲ್ಲಿಸಿದಾರೆ," ಅಂದುಬಿಟ್ಟ. ಪೊಲೀಸು ತನ್ನ ಕಾರಿನಲ್ಲಿ ಕೂತು ವೈರ್‌ಲೆಸ್ಸಿನಲ್ಲಿ ಇವನ ಜಾತಕ ವಿಚಾರಿಸುತ್ತಿರುವಷ್ಟು ಹೊತ್ತು ಅಪ್ಪ ಮಗಳು ಸೂರ್ಯಕಾಂತಿ ಬೀಜ ಜಗಿದು, ಸಿಪ್ಪೆ ಕಿಟಕಿಯಾಚೆ ಯಾರು ದೂರ ಉಗುಳುತ್ತಾರೆ ಅಂತ ಪಂದ್ಯ ಕಟ್ಟಿದರು. ಮಿಂಡಿ ಅಳು ಮರೆತು ನಕ್ಕಳು. ಇವನು ಚೀಟಿಯನ್ನು ಜೇಬಿಗೆ ಸೇರಿಸಿದ.

ಮೂರನೆಯ ಚೀಟಿಯ ದಂಡ ಕಟ್ಟಲು ಹೋದಾಗ ಅಲ್ಲಿನ ಜಡ್ಜು ಕನ್ನಡಕದ ಮೇಲಿಂದ ನೋಡಿ, "ಹೋಫರ್ ಅವರೇ, ಇನ್ನೊಂದು ಬಿದ್ರೆ ಲೈಸೆನ್ಸು ಒಂದು ವರ್ಷ ಇರಲ್ಲ. ಆಮೇಲೆ ಇಲ್ಲಿ ಬಂದು ಅಳಬೇಡಿ," ಅಂದರು. ಒಂದು ವರ್ಷ! ಲೈಸೆನ್ಸ್ ಇಲ್ಲ ಅಂದರೆ ಕಾರಿಲ್ಲ, ಕಾರಿಲ್ಲ ಅಂದರೆ ಹೋಟೆಲಿಗೆ ಬರುವವರಿಲ್ಲ, ಮಿಂಡಿಯೂ ಇಲ್ಲ. ಕೆಲಸ ಹೋಗುವುದು ಬೇರೆ. ಅದರ ಯೋಚನೆ ಅವನಿಗೆ ಆಮೇಲೆ ಬಂತು. ಸರಿ, ಅವತ್ತೇ ಹೋಗಿ ರೇಡಾರ್ ಪತ್ತೆ ಹಚ್ಚುವ ಡಬ್ಬಿ ತಂದ.

ಕರಿಯ ಡಬ್ಬಿ, ಅಂಗೈ ಅಗಲ. ಗಾಜಿನ ಕೆಳಗೆ ಕೂರಿಸಿ, ಸಿಗರೇಟು ಹಚ್ಚುವ ತೂತಿಗೆ ಅದರ ವೈರು ಸಿಕ್ಕಿಸಬೇಕು. ಮುಂದೆ ಎಲ್ಲಾದರೂ ಪೊಲೀಸರು ವೇಗ ಅಳೆಯುವ ರೇಡಾರ್ ಹಿಡಿದು ಹೊಂಚು ಹಾಕಿದ್ದರೆ ಇದಕ್ಕೆ ಮೊದಲೇ ವಾಸನೆ ಹತ್ತಿ ಕಿರುಚಿಕೊಳ್ಳುತ್ತದೆ. ಕಿರುಚಿದ ಕೂಡಲೇ ಕಾಲು ಎತ್ತಿದರೆ ಬಚಾವು. ಆದರೆ ಆ ಮುಂಡೇದಕ್ಕೆ ಪೊಲೀಸು ಯಾವುದು, ಊರಿನ ದಿನಸಿ ಅಂಗಡಿಯ ತಾನಾಗಿ ತೆರೆಯುವ ಬಾಗಿಲು ಯಾವುದು ಅನ್ನುವುದು ತಿಳಿಯುತ್ತಿರಲಿಲ್ಲ. ಬಾಗಿಲು ಕಂಡರೂ ಕಿರುಚು, ಟವರು ಕಂಡರೂ ಕಿರುಚು. "ಇವನು ಪುಕ್ಕಲ ಅಪ್ಪಾ!" ಎಂದು ಮಿಂಡಿ ಅದಕ್ಕೆ ಹೆಸರಿಟ್ಟಳು. ಕ್ಲಾರೆನ್ಸ್ ನೋಡಿದವನೇ, "ಕಳ್ಳನೇ ನಾಯಿ ಸಾಕ್ದಂಗಾಯ್ತಲ್ಲಯ್ಯಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ ಬಿಡಿ. ಬೇಸಿಗೆ ಪೂರ್ತಿ ಒಂದೇ ಒಂದು ಸಲವೂ ಅವನನ್ನು ಯಾರೂ ನಿಲ್ಲಿಸಲಿಲ್ಲ. ಆರ್ಲನ್ ಆ ಡಬ್ಬಿಯನ್ನು ದಿನಾ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದ.

ಸೆಪ್ಟೆಂಬರಿನ ಒಂದು ಭಾನುವಾರ. ಬೆಳಿಗ್ಗೆ ದೋಸೆಯ ಹಾಗೆ ತಟ್ಟೆ ತುಂಬ ಪ್ಯಾನ್‌ಕೇಕು ಹುಯ್ದುಕೊಟ್ಟ. ಆಮೇಲೆ ಗುಡ್ಡದ ಮೇಲಿನ ಸಿಮೆಂಟಿನ ಡೈನೋಸಾರುಗಳ ಹತ್ತಿರ ಕರಕೊಂಡು ಹೋದ. ಮಿಂಡಿ ಬಾಲದಿಂದ ಹತ್ತಿ ಬೆನ್ನಿನವರೆಗೆ ಹೋಗಿ ಜಾರುವುದು, ಮತ್ತೆ ಹತ್ತುವುದು.

"ಹೊರಡೋಣ ಪುಟ್ಟಿ."

"ಇನ್ನೊಂದೇ ಒಂದ್ಸಲ."

"ಈಗಲೇ ಇನ್ನೊಂದ್ಸಲ ಆಯ್ತಲ್ಲ?"

"ಅದು ಆ ಡೈನೋಸಾರು ಅಪ್ಪಾ. ಇದು ಈ ಡೈನೋಸಾರು!"

ಏನು ಮಾಡುತ್ತಾನೆ? ನಿಂತ. ಹೊರಟಾಗ ಮುಕ್ಕಾಲು ಗಂಟೆ ತಡವಾಗಿಹೋಗಿತ್ತು. ಕಡೋಕಾದಲ್ಲಿ ಪೆಟ್ರೋಲು ಹಾಕಿಸಿ ದುಡ್ಡು ಕೊಡಲು ಒಳಗೆ ಓಡಿದ, ಓಡಿ ವಾಪಸು ಬಂದ. ಕಾಲ ಬದಲಾಗುವ ಗೆರೆ ದಾಟಿದ ಮೇಲಂತೂ ಮುಳ್ಳು ಎಂಬತ್ತು ಮುಟ್ಟಿತು. ಎರಡೂ ಕಡೆ ಒಣಗಿದ ಹುಲ್ಲು, ಹುಲ್ಲಿನಾಚೆ ಹುಲ್ಲು. ಮಿಂಡಿ ತನ್ನ ಟೀಚರು ತರಗತಿಯಲ್ಲಿ ಸೀನಿದಾಗ ಹಲ್ಲಿನ ಸೆಟ್ಟು ಹಾರಿಬಂದ ಕತೆ ಹೇಳುತ್ತಿದ್ದಳು, ಇವನು ಬಿದ್ದು ಬಿದ್ದು ನಗುತ್ತಿದ್ದ. ಮರ್ಡೋದ ಅಂಗಡಿ ಬಾಗಿಲಿಗೆ ಎಂದೂ ತಪ್ಪದೆ ಕಿರುಚುತ್ತಿದ್ದ ಡಬ್ಬಿ ಅವತ್ತು ಕಿರುಚಲಿಲ್ಲ. ಅದು ಅವನ ಗಮನಕ್ಕೆ ಬರಲೇ ಇಲ್ಲ.

ಇನ್ನು ಮೂವತ್ತು ಮೈಲಿ ಇದೆ ಅನ್ನುವಾಗ ಕನ್ನಡಿಯಲ್ಲಿ ಕೆಂಪು ದೀಪ ಕಂಡಿತು.

ಆರ್ಲನ್ ಕಾರು ಪಕ್ಕಕ್ಕೆ ಹಾಕಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತ. ಬಂದವನು ಸುಮಾರು ಅವನದೇ ವಯಸ್ಸಿನ ಹೆದ್ದಾರಿ ಪೊಲೀಸು, ತಣ್ಣನೆಯ ಮಾತು.

"ಎಂಬತ್ತೆರಡರಲ್ಲಿದ್ರಿ ಸ್ವಾಮಿ. ಲೈಸೆನ್ಸ್ ಕೊಡಿ."

"ಸಾರ್, ಇದೊಂದು ಸಲ ಬರೀ ಬೈದು ಬಿಟ್ಬಿಡಿ ಸಾರ್." ಮಗಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. "ಇನ್ನೊಂದು ಚೀಟಿ ಬಿದ್ರೆ ಲೈಸೆನ್ಸ್ ಹೋಗತ್ತೆ. ಲೈಸೆನ್ಸ್ ಹೋದ್ರೆ ಇವಳು ನನಗೆ ಸಿಗಲ್ಲ. ಕೈ ಮುಗಿತೀನಿ."

ಪೊಲೀಸು ಒಳಗೆ ಬಗ್ಗಿ ಮಿಂಡಿಯನ್ನು ನೋಡಿದ. ಅವಳು ಹಲ್ಲು ಬಿಟ್ಟು ಕೈ ಬೀಸಿದಳು.

"ಹೋದ ತಿಂಗಳು ಇದೇ ರಸ್ತೆಯಲ್ಲಿ ಒಂದು ಮಗೂನ ಕಾರಿಂದ ಈಚೆಗೆ ತೆಗ್ದೆ ನಾನು," ಅಂದ ಪೊಲೀಸು. "ಮಗು ಇಲ್ಲದಿದ್ರೆ ಬಿಡ್ತಿದ್ನೋ ಏನೋ. ಮಗು ಇದೆ, ಅದಕ್ಕೇ ಬರೀತಿದೀನಿ. ಲೈಸೆನ್ಸ್ ವಿಷಯ ನನ್ನ ಕೈಲಿಲ್ಲ, ರಾಜ್ಯದ ರಾಜಧಾನಿಯಿಂದ ಕಾಗದ ಬರತ್ತೆ. ಇಲ್ಲೇ ಕೂತಿರಿ."

ಅವನು ತನ್ನ ಕಾರಿಗೆ ಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಆರ್ಲನ್, ಈ ಹಾಳು ಡಬ್ಬಿಗೇನು ಬಂತು ರೋಗ ಅಂತ ಕೈ ಚಾಚಿದ. ಆಗ ಕಂಡಿತು. ವೈರು ತೂತಿನಲ್ಲೇ ಇದೆ, ಆದರೆ ಸಿಕ್ಕಿಕೊಂಡಿಲ್ಲ. ಯಾರೋ ಸ್ವಲ್ಪವೇ ಈಚೆಗೆ ಎಳೆದು, ಎಳೆದದ್ದು ಕಾಣದ ಹಾಗೆ ಒರಗಿಸಿಟ್ಟಿದ್ದಾರೆ.

ತಿರುಗಿ ನೋಡಿದ. ಮಿಂಡಿ ಕೋಟಿನ ಜೇಬಿನಿಂದ ಸೂರ್ಯಕಾಂತಿ ಬೀಜದ ಪೊಟ್ಟಣ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಣ್ಣು ಮಿನುಗುತ್ತಿತ್ತು.

"ನಾನೇ ತೆಗ್ದಿದ್ದು! ನೀನು ಪೆಟ್ರೋಲಿಗೆ ದುಡ್ಡು ಕೊಡೋಕೆ ಹೋದಾಗ."

"ಯಾಕೆ?" ಅಂದ.

"ಪುಕ್ಕಲ ಬಂದ್ಮೇಲೆ ನಿನ್ನ ಸ್ನೇಹಿತ್ರು ನಿಲ್ಲಿಸೋದೇ ಇಲ್ವಲ್ಲ? ಅವರು ನಿಲ್ಲಿಸಿದ್ರೆ ತುಂಬಾ ಹೊತ್ತಾಗತ್ತೆ. ಅಷ್ಟು ಹೊತ್ತೂ ನಾನು ನಿನ್ನ ಜೊತೆ ಇರಬಹುದು. ಅಮ್ಮ ಬೈದ್ರೆ ಪೊಲೀಸ್ನೋರು ನಿಲ್ಲಿಸಿದ್ರು ಅನ್ನಬಹುದು." ಅವಳು ಒಂದು ಬೀಜ ಬಾಯಿಗೆ ಹಾಕಿಕೊಂಡಳು. "ಒಳ್ಳೇ ಉಪಾಯ ಅಲ್ವಾ ಅಪ್ಪಾ?"

ಅವನ ಬಾಯಿಗೆ ಏನೇನೋ ಬಂತು. ನೀನು ಏನು ಮಾಡಿದೆ ಗೊತ್ತಾ ಅಂತ ಬಂತು, ನಿನ್ನ ಕೈಯಾರೆ ಅಂತ ಬಂತು. ಹೇಳಿದರೆ ಏನಾಗುತ್ತದೆ? ಎಂಟು ವರ್ಷದ ಕೂಸು. ಒಂದು ವರ್ಷ ಅಪ್ಪ ಬರದೆ ಇದ್ದಾಗ, ಪ್ರತಿ ಶುಕ್ರವಾರ ಕಿಟಕಿಯಲ್ಲಿ ಕೂತು, ನಾನೇ ಮಾಡಿದ್ದು ನಾನೇ ಮಾಡಿದ್ದು ಅಂದುಕೊಳ್ಳುತ್ತದೆ. ಅವನು ಸೋದರರ ಜೊತೆ ಬೆಳೆದವನು, ಬೈಗುಳ ನುಂಗಿ ಅಭ್ಯಾಸವಿತ್ತು. ಬೈಯಬೇಕಾದ್ದನ್ನು ನುಂಗಿದ್ದು ಅದೇ ಮೊದಲು.

"ಹ್ಞೂಂ ಕಣೇ," ಅಂದ. "ಒಳ್ಳೇ ಉಪಾಯ."

"ಹಾಗಾದ್ರೆ ಬೀಜ ತಗೋ. ನೀನೇ ಮೊದಲು ಉಗುಳು."

ಉಗುಳಿದ. ಸಿಪ್ಪೆ ಬಾಗಿಲಿಗೇ ಅಂಟಿಕೊಂಡಿತು. ಮಿಂಡಿ ಕೇಕೆ ಹಾಕಿ ನಕ್ಕಳು. ಹಿಂದಿನ ಕಾರಿನಲ್ಲಿ ಪೊಲೀಸು ಬರೆಯುತ್ತಲೇ ಇದ್ದ.

ಉಳಿದ ಮೂವತ್ತು ಮೈಲಿಯನ್ನು ಆರ್ಲನ್ ಐವತ್ತೈದರಲ್ಲಿ ಹೋದ. ಲಾರಿಗಳು ಹಾರನ್ ಹೊಡೆದುಕೊಂಡು ದಾಟಿ ಹೋದವು. ಇನ್ನು ಯಾವ ಅವಸರ? ಮಿಂಡಿ ಸೀಟಿನಲ್ಲಿ ಕಾಲು ಮಡಚಿ ಕೂತು ಏನೇನೋ ಹಾಡಿದಳು, ದಾರಿಯ ದನ ಎಣಿಸಿದಳು, ಎಣಿಕೆ ತಪ್ಪಿದರೆ ಮೊದಲಿಂದ ಶುರು ಮಾಡಿದಳು. ಅವನು ಎರಡು ಸಲ ಕಣ್ಣೊರೆಸಿಕೊಂಡ. ಬಿಸಿಲು ಕನ್ನಡಿಯಲ್ಲಿ ಹೊಡೆಯುತ್ತಿದೆ ಅಂತ ಹೇಳಿದ.

ಹೋಟೆಲಿನ ಮುಂದೆ ಗ್ವೆನ್ ಕಾರಿನ ಹೊರಗೆ ನಿಂತಿದ್ದಳು. ಇವರ ಕಾರು ಕಂಡದ್ದೇ ಓಡಿ ಬಂದಳು.

"ಎಷ್ಟು ಹೊತ್ತು ಆರ್ಲನ್! ಎಲ್ಲೋ ಹೊಡಕೊಂಡು ಬಿದ್ರಿ ಅಂದ್ಕೊಂಡೆ ನಾನು. ಆಸ್ಪತ್ರೆಗೆ ಫೋನ್ ಮಾಡೋಕೆ ಒಳಗೆ ಹೋಗೋಳಿದ್ದೆ." ಆಮೇಲೆ ಅವನ ಅಂಗಿ ಜೇಬಿನ ಹಳದಿ ಚೀಟಿ ನೋಡಿದಳು. ದನಿ ಇಳಿಯಿತು. "ನಾಲ್ಕನೇದಾ?"

"ಹ್ಞೂಂ."

"ಅಯ್ಯೋ ಆರ್ಲನ್." ಅಂದಳು ಅವಳು. "ವಾರ ಬಿಟ್ಟು ವಾರ ರಾಪಿಡ್ ಸಿಟಿವರೆಗೂ ನನ್ನ ಕೈಲಿ ಬರೋಕಾಗಲ್ಲ. ಶನಿವಾರ ಡ್ಯೂಟಿ ಇರತ್ತೆ."

"ಗೊತ್ತು. ನಿನ್ನ ಕೇಳ್ತಿಲ್ಲ."

"ಬಸ್ಸು?"

"ಶುಕ್ರವಾರ ಹತ್ತಿದ್ರೆ ಶನಿವಾರ ಬಂದಿಳಿತೀನಿ, ಭಾನುವಾರ ವಾಪಸು. ನಿಮ್ಮ ವಕೀಲರು ಬರೆಸಿದಾರಲ್ಲ, ಮಗೂನ ನನ್ನ ಕಾರಲ್ಲೇ ಕರ್ಕೊಂಡು ಹೋಗಬೇಕು ಅಂತ. ಅವರನ್ನ ಕೇಳು, ಏನಾದ್ರೂ ಬದಲಾಯಿಸ್ತಾರಾ ನೋಡು."

"ಕೇಳ್ತೀನಿ," ಅಂದಳು ಗ್ವೆನ್. ಆ ವಕೀಲರು ಬದಲಾಯಿಸುವ ಪೈಕಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಅವನ ಕಾರಿನೊಳಗೆ ಇಣುಕಿದಳು. "ಆ ಡಬ್ಬಿ ಇತ್ತಲ್ಲ? ಅದಕ್ಕೇನಾಯ್ತು?"

ಮಿಂಡಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಕೆಟ್ಟು ಹೋಗಿತ್ತು," ಅಂದ ಆರ್ಲನ್.

ಚೀಲ ಆ ಕಾರಿಗೆ ಹೋಯಿತು, ಮಗುವೂ ಹತ್ತಿತು. ಗ್ವೆನ್ ಗಾಡಿ ಶುರು ಮಾಡಿದಳು. ಮಿಂಡಿ ಕಿಟಕಿಯ ಗಾಜು ಇಳಿಸಿ, ಬಾ ಬಾ ಅಂತ ಕೈ ಆಡಿಸಿದಳು. ಅವನು ಬಗ್ಗಿದ. ಅವಳು ಅಪ್ಪನ ಕಿವಿಗೆ ಬಾಯಿಟ್ಟು, ಅಮ್ಮನಿಗೆ ಕೇಳದ ಹಾಗೆ ಪಿಸುಗುಟ್ಟಿದಳು:

"ಮುಂದಿನ ಸಲ ಮನೇಲೇ ತೆಗ್ದಿಡ್ತೀನಿ ಅಪ್ಪಾ. ಆಗ ಎರಡು ಸಲ ನಿಲ್ಲಿಸ್ತಾರೆ."

"ಆಯ್ತು ಪುಟ್ಟಿ," ಅಂದ ಆರ್ಲನ್.