ಸೋಲಾಪುರವೋ ಕಲಬುರಗಿಯೋ

ನನಗೆ ಎರಡು ಮೆಡಿಕಲ್ ಸೀಟು ಸಿಕ್ಕವು. ರಾಜ್ಯದ ಪಟ್ಟಿಯಲ್ಲಿ ಕಲಬುರಗಿ, ದೇಶದ ಪಟ್ಟಿಯಲ್ಲಿ ಸೋಲಾಪುರ. ಎರಡೂ ಸರ್ಕಾರಿ ಕಾಲೇಜು. ಮೂಲ ಅಂಕಪಟ್ಟಿ ಒಂದೇ ಇದ್ದುದರಿಂದ ಶನಿವಾರದೊಳಗೆ ಅದನ್ನು ಯಾವುದಾದರೂ ಒಂದು ಕಡೆ ಕೊಡಬೇಕಿತ್ತು. ನನಗೆ ಬೇಕಾದದ್ದು ಕಲಬುರಗಿ. ಸೀಟು ಸಿಕ್ಕ ಸೋಮವಾರದ ದಿನಚರಿಯಲ್ಲಿ ಹಾಗೆಂದು ಬರೆದಿದ್ದೇನೆ; ಕಾರಣ ಬರೆದಿಲ್ಲ.

ಅಫಜಲಪುರದ ನಮ್ಮ ಮನೆಗೆ ಅಭಿನಂದಿಸಲು ಬಂದವರ ಒಂದು ಕೈಯಲ್ಲಿ ಪೇಢೆ, ಇನ್ನೊಂದು ಕೈಯಲ್ಲಿ ಎಕ್ಸ್‌ರೇ ಇರುತ್ತಿತ್ತು. ನಮ್ಮ ಕಡೆ ಸೀಟು ಸಿಕ್ಕ ದಿನದಿಂದಲೇ ಹುಡುಗಿ ಡಾಕ್ಟರು. ತರಗತಿ ಇನ್ನೂ ಶುರುವಾಗಿಲ್ಲ ಎಂದರೆ ಯಾರೂ ಅದನ್ನು ಅಡ್ಡಿಯೆಂದು ತಿಳಿಯಲಿಲ್ಲ. ಯಡ್ರಾಮಿಯಿಂದ ಬಂದ ಚಿಕ್ಕವ್ವ ಚಹಾ ಬರುವ ಮೊದಲೇ ಮೊಣಕಾಲಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಕಲಬುರಗಿಗೇ ಹೋಗಬೇ. ವಾರಕ್ಕೊಮ್ಮೆ ಬಂದು ತೋರಿಸ್ತೇನಿ."

"ಮೊದಲನೇ ವರ್ಷ ಬರೇ ಹೆಣ ಕೊಯ್ಯೂದಿರ್ತದ ಚಿಕ್ಕವ್ವ."

"ಇರಲಿ. ಅವಕ್ಕೂ ಮಣಕಾಲ ಇರ್ತಾವಲ್ಲ."

ನಾನು ದಿನಚರಿಯಲ್ಲಿ ಎರಡು ಪಟ್ಟಿ ಹಾಕಿಕೊಂಡೆ: ಯಾರ ಮತ ಯಾವ ಊರಿಗೆ, ಅವರ ಕಾಯಿಲೆ ಏನು. ಅವ್ವನ ಕಡೆಯ ಜೇವರ್ಗಿ, ಯಡ್ರಾಮಿಯವರೆಲ್ಲ ಕಲಬುರಗಿಯ ದವಾಖಾನೆಗೆ ಹೋಗುವವರು, ಅವರ ಮತ ಕಲಬುರಗಿಗೆ. ಅಪ್ಪನ ಕಡೆಯ ಅತನೂರಿನವರು ಸೋಲಾಪುರಕ್ಕೆ ಹೋಗುವವರು, ಅವರ ಮತ ಸೋಲಾಪುರಕ್ಕೆ. ಆಳಂದದ ಸೋದರತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ಅವರು ಯಾವ ಸಲಹೆಯನ್ನೂ ಕೊಡಲಿಲ್ಲ.

ಬಾಯಿ ಬಿಡದ ಇನ್ನೊಬ್ಬರು ಅತನೂರಿನ ದೊಡ್ಡಪ್ಪ. ಅವರಿಗೆ ಸೋಲಾಪುರದಲ್ಲಿ ಹೃದಯದ ಆಪರೇಶನ್ ಆಗಿತ್ತು. ತಿಂಗಳಿಗೊಮ್ಮೆ ಒಬ್ಬರೇ ತಪಾಸಣೆಗೆ ಹೋಗಿ ಬರುತ್ತಿದ್ದರು. ನನ್ನ ನೀಟ್ ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದವರು ಅವರೇ. ಹೊರಗೆ ಬಂದಾಗ ಪೇಪರ್ ಹೇಗಿತ್ತೆಂದು ಕೇಳದೆ ಕಲ್ಲಂಗಡಿ ಹೋಳು ಕೊಟ್ಟಿದ್ದರು.

"ನಿನಗ ತಿಳಿದಂಗ ಮಾಡು," ಎಂದರು ಅಪ್ಪ. "ಅಣ್ಣಗ ಸೋಲಾಪುರದಾಗ ಯಾರೂ ಇಲ್ಲ." ಆ ವಾರ ಮೊದಲನೆಯ ಮಾತು ಎರಡನೆಯದನ್ನು ಬಿಟ್ಟು ಒಮ್ಮೆಯೂ ಬರಲಿಲ್ಲ.

ಬುಧವಾರ ದೊಡ್ಡಪ್ಪನ ತಪಾಸಣೆ ಇತ್ತು. ಕಾಲೇಜನ್ನೂ ನೋಡಿದಂತಾಯಿತೆಂದು ನಾನೂ ಹೋದೆ. ದವಾಖಾನೆಯಲ್ಲಿ ಅವರ ಫೈಲು ನಾನೇ ಹಿಡಿದುಕೊಂಡೆ. ಅವರು ರಕ್ತ ಕೊಡಲು ಹೋದಾಗ ನರ್ಸ್ ಬಂದು ಮರಾಠಿಯಲ್ಲಿ ಏನೋ ಕೇಳಿದಳು. ನನ್ನ ಮರಾಠಿ ಸೀರೆ ಅಂಗಡಿಯಲ್ಲಿ ಕಲಿತದ್ದು. ಬಣ್ಣ, ಬೆಲೆಗಳಾಚೆ ಹೋಗುವುದಿಲ್ಲ. ಡಾಕ್ಟರಾಗುವವಳು ತಿಳಿಯಲಿಲ್ಲ ಎನ್ನಬಾರದೆಂದು ಹೌದು ಎಂದೆ. ಮುಂದಿನ ಪ್ರಶ್ನೆಗೂ ಹೌದು ಎಂದೆ. ಅವಳು ಬರೆದುಕೊಂಡಳು.

ದೊಡ್ಡಪ್ಪ ಬಂದ ಮೇಲೆ ಅವಳು ಅವರನ್ನು ಗದರಿಸಿದಳು. ಅವರು ಮರಾಠಿಯಲ್ಲಿ ನಿಧಾನವಾಗಿ ಏನೋ ಹೇಳಿದರು. ಅವಳು ನನ್ನನ್ನೊಮ್ಮೆ ನೋಡಿ ಎರಡು ಸಾಲು ಹೊಡೆದುಹಾಕಿದಳು.

"ಏನ್ ಕೇಳಿದ್ಳು ದೊಡ್ಡಪ್ಪ?"

"ಗುಳಿಗಿ ಬಿಟ್ಟಾರೇನು ಅಂತ. ನೀ ಹೌದಂದಿ. ಎದ್ಯಾಗ ನೋವು ಬರ್ತದೇನು ಅಂತ. ಅದಕ್ಕೂ ಹೌದಂದಿ." ಅವರು ತೋಳಿನ ಹತ್ತಿ ಒತ್ತಿಕೊಂಡರು. "ಇನ್ನೊಂದು ಸಲ ಹೌದಂದಿದ್ರ ಅಡ್ಮಿಟ್ ಮಾಡಾಕಿ."

ಮರಾಠಿ ಕಲಿಯಬಹುದೆಂದು ನನಗೂ ಗೊತ್ತಿತ್ತು. ಆದರೆ ಕಲಿಯುವವರೆಗೆ ನಾನು ಹೌದು ಎನ್ನುತ್ತಲೇ ಇರುವವಳು ಎಂಬುದು ಅಂದು ಗೊತ್ತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಅದನ್ನೇ ಹೇಳಿ, ನನಗೆ ಕಲಬುರಗಿ ಬೇಕು ಎಂದೆ. ಅಷ್ಟು ದಿನದಲ್ಲಿ ಯಾರ ಮುಂದೆಯಾದರೂ ಹಾಗೆಂದದ್ದು ಅದೇ ಮೊದಲು.

ದೊಡ್ಡಪ್ಪ ಬಸಿಯಲ್ಲಿದ್ದ ಚಹಾ ಮುಗಿಸಿದರು.

"ಇದನ್ನ ಸೋಮವಾರನೇ ಹೇಳಬಾರದೇನು? ನೀ ಇಲ್ಲಿ ಬಂದ್ರ ನಿನ್ನ ಜ್ವಾಕಿ ಯಾರು ಮಾಡೋರು ಅಂತ ನಾ ಮೂರು ದಿನದಿಂದ ಚಿಂತಿ ಮಾಡಾಕತ್ತೇನಿ."

"ಅಪ್ಪಗ ಯಾರು ಹೇಳೂದು?"

"ನಾ ಹೇಳ್ತೇನಿ. ಅವ ನನ್ನ ಎದಿಗೆ ಅಂಜತಾನ, ಎದುರಾಡಂಗಿಲ್ಲ."

ಶುಕ್ರವಾರ ಕಲಬುರಗಿಯಲ್ಲಿ ಅಂಕಪಟ್ಟಿ ಕೊಟ್ಟೆ. ಗುಮಾಸ್ತರು ಹೆಸರು, ಊರು, ತಾಲೂಕು ಕೇಳಿದರು. ಪ್ರತಿಯೊಂದಕ್ಕೂ ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟೆ. ಒಂದು ಪ್ರಶ್ನೆ ತಿಳಿಯಲಿಲ್ಲ. ತಿಳಿಯಲಿಲ್ಲ, ಇನ್ನೊಮ್ಮೆ ಹೇಳ್ರಿ ಎಂದೆ. ಅವರು ಇನ್ನೊಮ್ಮೆ ಹೇಳಿದರು.