ಮೊಳೆಗೆ ಬಾರದ ಕೀ

ಅತ್ತಿಗೆಯ ಗ್ಯಾರೇಜಿನಲ್ಲಿ ನಾನು ಸಹಾಯಕ ಮೆಕ್ಯಾನಿಕ್. ಹಾಗೆಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅಸಲು ಕೆಲಸ ಟಾರ್ಚ್ ಹಿಡಿಯುವುದು. ಅದನ್ನೂ ಬೆಳಕು ಬೇಕಾದ ಕಡೆ ಬಿಟ್ಟು ನನ್ನ ಕಣ್ಣು ಹೋದ ಕಡೆ ಹಿಡಿಯುತ್ತೇನೆಂದು ಬೈಸಿಕೊಳ್ಳುತ್ತಿರುತ್ತೇನೆ. ಸಂಬಳ ಕೊಡುವವರೂ ಬೈಯುವವರೂ ಒಬ್ಬರೇ ಆದ್ದರಿಂದ ಎರಡನ್ನೂ ತಲೆ ತಗ್ಗಿಸಿಯೇ ತೆಗೆದುಕೊಳ್ಳುವುದು ರೂಢಿಯಾಗಿದೆ.

ಗ್ಯಾರೇಜು ಹೆಸರಿಗೆ ಅಣ್ಣನದು. ಅವನ ಕೈಚಳಕವೆಲ್ಲ ತಗ್ಗಿದ ತಗಡು ಎತ್ತುವುದರಲ್ಲಿ, ಬಣ್ಣ ಹೊಡೆಯುವುದರಲ್ಲಿ. ಎಂಜಿನ್ ಏನಿದ್ದರೂ ಅತ್ತಿಗೆಯದು. ಹೊಸ ಗಿರಾಕಿಗಳು ಬಂದು, ಗ್ರೀಸ್ ಮೆತ್ತಿಕೊಂಡು ನಿಂತ ಅವರನ್ನೇ, "ಮೇಸ್ತ್ರಿ ಇಲ್ವೇನಮ್ಮಾ?" ಎಂದು ಕೇಳುತ್ತಾರೆ. "ಇದ್ದಾರೆ, ಕೈ ತೊಳ್ಕೊಂಡು ಬರ್ತಾರೆ, ಕೂತ್ಕೊಳ್ಳಿ" ಎಂದು ಅತ್ತಿಗೆ ಒಳಗೆ ಹೋಗುತ್ತಾರೆ. ಕೈ ತೊಳೆದುಕೊಂಡು ಅವರೇ ಹೊರಗೆ ಬರುತ್ತಾರೆ. "ಈಗ ಹೇಳಿ, ಗಾಡಿಗೇನಾಗಿದೆ?" ಗಿರಾಕಿಯ ಮುಖ ನೋಡುವ ಸುಖಕ್ಕೇ ನಾನು ಅರ್ಧ ಸಂಬಳಕ್ಕಾದರೂ ದುಡಿದೇನು. ಇದನ್ನು ಅತ್ತಿಗೆಗೆ ಹೇಳಿಲ್ಲ, ಒಪ್ಪಿಬಿಟ್ಟರೆ ಕಷ್ಟ.

ಅವರ ಕಟ್ಟುನಿಟ್ಟು ಎರಡು ಸಂಗತಿಗಳಲ್ಲಿ. ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಕೆಲಸ ಮುಗಿದಾಗ ಸ್ಪ್ಯಾನರ್ ಆಗಲಿ ಇಕ್ಕಳವಾಗಲಿ ತನ್ನ ಆಕಾರದೊಳಗೆ ನೇತಾಡಬೇಕು. ಇನ್ನೊಂದು, ಯಾವ ಗಾಡಿಯದ್ದಾದರೂ ಬಾನೆಟ್ ಎತ್ತುವ ಮೊದಲು ಅದರ ಕೀ ಹಲಗೆಯ ಪಕ್ಕದ ಮೊಳೆಗೆ ಬರಬೇಕು. ಕೆಲಸ ಮುಗಿಯುವ ತನಕ ಅದನ್ನು ಮುಟ್ಟುವವರು ಅವರೊಬ್ಬರೇ. ಒಮ್ಮೆ ಪೊಲೀಸ್ ಇನ್‌ಸ್ಪೆಕ್ಟರ್ ಹತ್ತಿರವೂ ಕೈ ಚಾಚಿ ಕೀ ಇಸಿದುಕೊಂಡಿದ್ದರು.

ಅವರು ಕೈ ಚಾಚಲಾಗದ ಮನುಷ್ಯ ಒಬ್ಬರಿದ್ದರು. ಅವರ ಅಪ್ಪ.

ಮಾವ ಎಂದು ನಾನು ಕರೆಯುವ ಈ ಹಿರಿಯರು ಜೀವಮಾನವೆಲ್ಲ ಬಸ್ ಓಡಿಸಿದವರು. ಮಗಳು ಚಿಕ್ಕವಳಿದ್ದಾಗ ಬಾನೆಟ್ಟಿನೊಳಗೆ ಇಣುಕಿದರೆ ಕಿವಿ ಹಿಂಡಿ ಮನೆಯೊಳಗೆ ಕಳಿಸಿದವರು. ಮಗಳು ಮೇಸ್ತ್ರಿಯಾದ ಮೇಲೂ ಅವರ ಕಾರು ನಮ್ಮ ಗೇಟಿನ ಮುಂದೆಯೇ ಹಾದು ಬೇರೆ ಗ್ಯಾರೇಜಿಗೆ ಹೋಗುತ್ತಿತ್ತು. ಅತ್ತಿಗೆ ತಲೆ ಎತ್ತುತ್ತಿರಲಿಲ್ಲ. ಆದರೆ ಅದು ಹಾದುಹೋದ ಮೇಲೆ ಬಿಗಿಯುವ ನಟ್ಟು ಮಾತ್ರ ಒಂದು ಸುತ್ತು ಹೆಚ್ಚೇ ಬಿಗಿಯಾಗುತ್ತಿತ್ತು.

ಅವತ್ತು ಆ ಗ್ಯಾರೇಜಿಗೆ ಬೀಗ ಬಿದ್ದಿತ್ತು. ಕಾರು ನಮ್ಮ ಅಂಗಳಕ್ಕೆ ಬಂದು ನಿಂತಿತು. ನಿಂತಿತು ಎನ್ನುವುದು ತಪ್ಪು. ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಎಂಜಿನ್ ಒಮ್ಮೆ ಏರುವುದು, ಒಮ್ಮೆ ಆರಿಯೇ ಹೋಯಿತು ಎನ್ನುವಷ್ಟು ಇಳಿಯುವುದು.

"ಸಿಗ್ನಲ್ಲಲ್ಲಿ ನಿಂತ್ರೆ ಆಫ್ ಆಗುತ್ತೆ. ಓಡುವಾಗ ಏನೂ ಇಲ್ಲ" ಎಂದರು ಮಾವ, ಸ್ಟೀರಿಂಗ್ ಬಿಡದೆ.

ಅತ್ತಿಗೆ ಮೊಳೆಯ ಕಡೆ ನೋಡಿದರು. ಅಪ್ಪನ ಕಡೆ ನೋಡಿದರು. "ಕೀ" ಎಂಬ ಮಾತು ಬಾಯಿಯ ತನಕ ಬಂದು ಒಳಗೇ ಹೋಯಿತು. "ಹಾಗೇ ಸ್ಟಾರ್ಟಲ್ಲೇ ಇರ್ಲಿ, ಅಪ್ಪ" ಎಂದು ಬಾನೆಟ್ ಎತ್ತಿದರು.

ಪ್ಲಗ್ಗುಗಳು ಚೆನ್ನಾಗಿದ್ದವು. ಕಾಯಿಲ್ ಸರಿಯಿತ್ತು. "ಎಲ್ಲೋ ಕಳ್ಳಗಾಳಿ ಎಳ್ಕೊಳ್ತಾ ಇದೆ" ಎಂದರು ಅತ್ತಿಗೆ. ಎಂಜಿನ್ ಗಾಳಿ ಹೀರುವ ಸಣ್ಣಪುಟ್ಟ ರಬ್ಬರ್ ಪೈಪುಗಳನ್ನು ಒಂದೊಂದಾಗಿ, ಕಚ್ಚಿದರೆ ತಾನಾಗಿ ಬಿಡದ ಲಾಕ್ ಇಕ್ಕಳದಿಂದ ಅಮುಕುತ್ತ ಬಂದರು. ಸೀಳಿದ ಪೈಪು ಅಮುಕಿದಾಗ ನಡುಕ ನಿಲ್ಲಬೇಕು. ಒಂದು, ಏನಿಲ್ಲ. ಇನ್ನೊಂದು, ಏನಿಲ್ಲ. ಕೊನೆಗೆ ಬ್ರೇಕಿನ ಬೂಸ್ಟರ್‌ಗೆ ಹೋಗುವ ದಪ್ಪ ಪೈಪಿಗೆ ಇಕ್ಕಳ ಕಚ್ಚಿಸಿದರು.

ಎಂಜಿನ್ ತಟ್ಟನೆ ಶಾಂತವಾಯಿತು.

"ಸಿಕ್ತು!" ಎಂದು ಅತ್ತಿಗೆ ಹೊಸ ಪೈಪು ಹುಡುಕಲು ಹಿಂದಿನ ಕೋಣೆಗೆ ಓಡಿದರು. ಮಾವ ಕಿವಿಗೊಟ್ಟು ಕೇಳಿದರು. "ಆಯ್ತಲ್ಲ? ಮುಚ್ಚಯ್ಯ ಬಾನೆಟ್ಟು." ನಾನು ಸಹಾಯಕ ಮೆಕ್ಯಾನಿಕ್, ಹಿರಿಯರ ಮಾತು ಮೀರುವವನಲ್ಲ. ಮುಚ್ಚಿದೆ. ಮೇಲೆ ಎರಡು ಸಲ ತಟ್ಟಿ, ಎಲ್ಲ ಬಲ್ಲವನಂತೆ "ಪಕ್ಕಾ, ಮಾವ" ಎಂದೂ ಹೇಳಿದೆ.

ಅತ್ತಿಗೆ ಪೈಪು ಹಿಡಿದು ಹೊರಗೆ ಬಂದರು. "ಕಾರೆಲ್ಲಿ?"

"ಮಾವ ಹೋದ್ರು. ಗಡಿಯಾರದ ಹಾಗೆ ಓಡ್ತಿತ್ತು, ಅತ್ತಿಗೆ."

"ಇಕ್ಕಳ?"

ಇಬ್ಬರೂ ಹಲಗೆ ನೋಡಿದೆವು. ಇಕ್ಕಳದ ಬಿಳಿ ಆಕಾರ ಬಾಯಿ ತೆರೆದುಕೊಂಡು ಖಾಲಿ ಇತ್ತು.

ಆ ಪೈಪಿನ ಬಲದಿಂದಲೇ ಬ್ರೇಕ್ ಪೆಡಲ್ ಹಗುರವಾಗುವುದು. ಅದನ್ನು ಅಮುಕಿಟ್ಟರೆ ಬೂಸ್ಟರಿನೊಳಗೆ ಉಳಿದ ದಮ್ಮಿನಲ್ಲಿ ಎರಡು ಮೂರು ಸಲ ಬ್ರೇಕ್ ಹಿಡಿಯಬಹುದು. ಆಮೇಲೆ ಪೆಡಲ್ ಕಲ್ಲು. ಗಟ್ಟಿ ಕಾಲಿನವರು ನಿಂತು ತುಳಿದರೆ ನಿಂತೀತು. ಮಾವನ ಬಲಮೊಣಕಾಲಿಗೆ ಆಪರೇಷನ್ ಆಗಿತ್ತು. ಮನೆಗೆ ಹೋಗುವ ದಾರಿ ಗುಡ್ಡದ ಇಳಿಜಾರು, ಅದರ ಬುಡದಲ್ಲಿ ಲಾರಿಗಳ ರಸ್ತೆ.

ನಾನು ಫೋನ್ ತೆಗೆದೆ. "ಎತ್ತಲ್ಲ ಅವರು. ಸ್ಟೀರಿಂಗ್ ಹಿಡಿದಾಗ ಫೋನ್ ಮುಟ್ಟಲ್ಲ. ಹಿಂದೆ ಹತ್ತು!" ಅತ್ತಿಗೆ ಆಗಲೇ ಯಾರದೋ ರಿಪೇರಿಗೆ ಬಂದ ಸ್ಕೂಟರ್ ಏರಿದ್ದರು.

"ಇದಕ್ಕೆ ಏನಾಗಿದೆ ಅಂತ ಬಂದದ್ದು, ಅತ್ತಿಗೆ?"

"ಬ್ರೇಕು."

ಹಿಂದೆ ಕೂತವನಿಗೆ ಕಣ್ಣು ಮುಚ್ಚಿಕೊಳ್ಳುವ ಸ್ವಾತಂತ್ರ್ಯವೊಂದಿದೆ. ಅದನ್ನು ಪೂರ್ತಿ ಬಳಸಿಕೊಂಡೆ. ತೆರೆದಾಗ ಮೊದಲ ತಿರುವು ದಾಟಿತ್ತು, ಕಾರಿರಲಿಲ್ಲ. ಕಾರಿಲ್ಲ ಎಂದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಎರಡನೆಯ ತಿರುವಿನಲ್ಲಿ ಟಾರಿನ ಮೇಲೆ ಟೈರು ಉಜ್ಜಿದ ಕಪ್ಪು ಗೆರೆ. ಅತ್ತಿಗೆ ಏನೋ ಗೊಣಗುತ್ತಿದ್ದರು. ಕಿವಿ ಮುಂದೆ ತಂದು ಕೇಳಿದೆ. "ಕೀ ಕೇಳ್ಬೇಕಿತ್ತು. ಕೀ ಕೇಳ್ಬೇಕಿತ್ತು." ಅಷ್ಟೇ.

ಕೆಳಗೆ ಲಾರಿಗಳ ಹಾರ್ನ್ ಕೇಳಿಸುವಷ್ಟು ಹತ್ತಿರ ಬಂದಾಗ ಕಾರು ಕಾಣಿಸಿತು. ರಸ್ತೆ ಕೆಲಸಕ್ಕೆ ಸುರಿದ ಜಲ್ಲಿಯ ರಾಶಿಗೆ ಮೂತಿ ತೂರಿಸಿ ನಿಂತಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಒಂದಿಷ್ಟೂ ನಡುಕವಿಲ್ಲದೆ, ನಾಚಿಕೆಯಿಲ್ಲದೆ, ಬಲು ಸೊಗಸಾಗಿ. ನಾವಿಬ್ಬರೂ ನೆಲಕ್ಕೆ ಕಾಲು ಉಜ್ಜಿ ಉಜ್ಜಿ ಸ್ಕೂಟರ್ ನಿಲ್ಲಿಸಿದೆವು.

ಮಾವ ಒಳಗೆ ಕೂತಿದ್ದರು. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಹ್ಯಾಂಡ್‌ಬ್ರೇಕಿನ ಮೇಲೆ.

"ಪೆಡಲ್ ಕಲ್ಲಾಯ್ತು" ಎಂದರು. "ಗೇರ್ ಇಳಿಸಿ ಇಳಿಸಿ ತಂದೆ."

"ಮಾವ, ಬಾನೆಟ್ ಮುಚ್ಚಿದ್ದು ನಾನು" ಎಂದೆ. ತಪ್ಪು ನನ್ನದೆಂದರೆ ಊರಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ.

"ನೀನು ಸುಮ್ನಿರು" ಎಂದರು ಅತ್ತಿಗೆ. "ಅಪ್ಪ, ಇಕ್ಕಳ ಪೈಪಲ್ಲೇ ಇದೆ. ಎಲ್ಲರ ಹತ್ರ ಕೀ ಇಸ್ಕೊಂಡೇ ಕೆಲಸ ಶುರು ಮಾಡೋದು ನಾನು. ನಿಮ್ಮನ್ನ ಕೇಳ್ಲಿಲ್ಲ."

"ಕೇಳಿದ್ರೆ ಕೊಡ್ತಿದ್ನೇನು?"

ಅತ್ತಿಗೆ ಕಿಟಕಿಯೊಳಗೆ ಕೈ ಚಾಚಿದರು. ಗ್ರೀಸ್ ಮೆತ್ತಿದ ಅಂಗೈ ಹಿಂದಕ್ಕೆ ಸರಿಯಲಿಲ್ಲ. ಲಾರಿಯೊಂದು ಹಾದುಹೋಯಿತು. ಇನ್ನೊಂದು ಹೋಯಿತು. ಮಾವ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಕೀ ಕಿತ್ತು, ಒಂದು ಗಳಿಗೆ ಅದನ್ನೇ ನೋಡಿ, ಆ ಅಂಗೈ ಮೇಲಿಟ್ಟರು.

ಇಕ್ಕಳ ತೆಗೆದಾಗ ಬ್ರೇಕು ಬಂತು, ಜೊತೆಗೆ ನಡುಕವೂ ಬಂತು. ಅತ್ತಿಗೆ ಕಾರನ್ನು ಜಲ್ಲಿಯಿಂದ ಹಿಂದಕ್ಕೆ ತೆಗೆದು ಗುಡ್ಡ ಹತ್ತಿಸಿದರು. ಪಕ್ಕದ ಸೀಟಿನಲ್ಲಿ ಮಾವ. ಹಿಂದೆ ನಾನು, ಬ್ರೇಕಿಲ್ಲದ ಸ್ಕೂಟರ್ ಓಡಿಸುವ ಧೈರ್ಯವಾಗದೆ, ಅದನ್ನು ಏರುದಾರಿಯುದ್ದಕ್ಕೂ ತಳ್ಳುತ್ತ ಬಂದೆ. ನನಗಾಗಿ ಯಾರೂ ಕಾಯಲಿಲ್ಲ.

ಏದುಸಿರು ಬಿಡುತ್ತ ಅಂಗಳ ಮುಟ್ಟುವಷ್ಟರಲ್ಲಿ ಬಾನೆಟ್ ತೆರೆದಿತ್ತು. ಕೀ ಮೊಳೆಯಲ್ಲಿ ತೂಗುತ್ತಿತ್ತು. ಅತ್ತಿಗೆ ಹೊಸ ಪೈಪು ಬಿಗಿಯುತ್ತಿದ್ದರು. ಮಾವ ನೋಯುವ ಕಾಲಿನಲ್ಲೇ ಬಗ್ಗಿ, ಟಾರ್ಚ್ ಹಿಡಿದು ನಿಂತಿದ್ದರು.

"ಇನ್ನೂ ಸ್ವಲ್ಪ ಎಡಕ್ಕೆ, ಅಪ್ಪ. ಹಾಂ, ಅಲ್ಲೇ."

ಬೆಳಕು ಬೇಕಾದ ಕಡೆಯೇ ಬೀಳುತ್ತಿತ್ತು. ನನ್ನ ಕೆಲಸ ಹೋಯಿತೆಂದು ಆಗಲೇ ಗೊತ್ತಾಯಿತು. ಇಕ್ಕಳ ಎತ್ತಿಕೊಂಡು ಹೋಗಿ ಅದರ ಆಕಾರದೊಳಗೆ ನೇತುಹಾಕಿದೆ.